ಸುರಕ್ಷತೆಯ ಲೆಕ್ಕಕ್ಕೆ ಸರಾಸರಿಯೊಂದೇ ಸಾಲದು

1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಸಮೀಪ, ಸ್ಲೈಪ್ನರ್-ಎ ಅನಿಲ ವೇದಿಕೆಯ ಬೃಹತ್ ಕಾಂಕ್ರೀಟ್ ತಳಭಾಗವು ಪರೀಕ್ಷಾರ್ಥವಾಗಿ ನೀರಿಗೆ ಇಳಿಸುತ್ತಿದ್ದಾಗಲೇ ಬಿರುಕುಬಿಟ್ಟು ಮುಳುಗಿತು. ಪ್ರಾಣಹಾನಿಯಾಗಲಿಲ್ಲ, ನಷ್ಟ ಮಾತ್ರ ಸುಮಾರು 70 ಕೋಟಿ ಡಾಲರ್. ವಿನ್ಯಾಸಕ್ಕೆ ಬಳಸಿದ್ದ ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯಲ್ಲಿ ತುಣುಕುಗಳು ಒರಟಾಗಿದ್ದುದರಿಂದ ಗೋಡೆಯ ಮೇಲಿನ ಷಿಯರ್ ಒತ್ತಡವು ಶೇ. 47ರಷ್ಟು ಕಡಿಮೆ ಲೆಕ್ಕಕ್ಕೆ ಬಂದಿತ್ತು. ಉಕ್ಕಿನ ಸರಳುಗಳ ಜೋಡಣೆಯೂ ಸಾಲದಾಗಿತ್ತು. ಅನಂತರ ಎಚ್ಚರದಿಂದ ನಡೆಸಿದ ವಿಶ್ಲೇಷಣೆಯು 62 ಮೀಟರ್ ಆಳದಲ್ಲಿ ವೈಫಲ್ಯವನ್ನು ಸೂಚಿಸಿತು; ವಾಸ್ತವದಲ್ಲಿ ಅದು ಒಡೆದದ್ದು 65 ಮೀಟರ್ ಆಳದಲ್ಲಿ.

ಆದುದರಿಂದ ದೋಷ ವಿಧಾನದ್ದಲ್ಲ. ಬಿಡಿಭಾಗವೊಂದನ್ನು ಸಾವಿರಾರು ತುಣುಕುಗಳಾಗಿ ವಿಂಗಡಿಸಿ ಪ್ರತಿಯೊಂದರ ಒತ್ತಡವನ್ನು ಹೇಳುವ ಈ ವಿಧಾನ ಇಂದು ಸಣ್ಣ ಘಟಕಗಳಿಗೂ ನಿಲುಕುವಂತಿದೆ. ಅದರ ಬಣ್ಣದ ಚಿತ್ರಗಳನ್ನು ಕಂಡು ಗ್ರಾಹಕನೂ ಸಂತುಷ್ಟನಾಗುತ್ತಾನೆ. ಆದರೆ ಗಣಕವು ಉತ್ತರಿಸುವುದು ತನಗೆ ಕೊಟ್ಟ ಒಂದು ಹೊರೆ, ಒಂದು ಲೋಹಬಲಕ್ಕೆ ಮಾತ್ರ. ಎರಕದ ಎರಡು ತುಂಡುಗಳು ಎಂದೂ ಒಂದೇ ಸಮನಾಗಿರುವುದಿಲ್ಲವೆಂಬುದು ಯಾವ ತಯಾರಕರಿಗೆ ತಿಳಿಯದು?

ಈ ಏರಿಳಿತವನ್ನು ಲೆಕ್ಕಕ್ಕೆ ತರುವುದೇ ವಿಶ್ವಸನೀಯತಾ ಸಿದ್ಧಾಂತ. ಒಂದು ಬಿಡಿಭಾಗದ ಸರಾಸರಿ ಬಲ 300, ಅದರ ಮೇಲಿನ ಸರಾಸರಿ ಒತ್ತಡ 200 ಮೆಗಾಪಾಸ್ಕಲ್ ಎನ್ನೋಣ. ಸುರಕ್ಷತಾ ಗುಣಾಂಕ 1.5. ಎರಡರ ಮಾನಕ ವಿಚಲನೆಯೂ 20 ಆಗಿದ್ದು ವಿತರಣೆ ನಾರ್ಮಲ್ ಆಗಿದ್ದರೆ, ಹತ್ತು ಸಾವಿರದಲ್ಲಿ ಸುಮಾರು 2 ತುಂಡುಗಳು ಮುರಿಯಬಹುದು. ಅಗ್ಗದ ಕಚ್ಚಾಮಾಲಿನಿಂದ ಬಲದ ವಿಚಲನೆ 40ಕ್ಕೆ ಏರಿತೆನ್ನಿ. ಗುಣಾಂಕ ಅದೇ 1.5, ಮುರಿಯುವ ತುಂಡುಗಳು ಮಾತ್ರ ಸುಮಾರು 125! ಖರೀದಿ ಪುಸ್ತಕದಲ್ಲಿ ಉಳಿತಾಯವೆಂದು ಕಂಡದ್ದು ವಾರಂಟಿ ಖರ್ಚಾಗಿ ಮರಳುತ್ತದೆ.

ಇವೆರಡನ್ನು ಬೆಸೆಯುವುದೆಂದರೆ, ಒಂದೇ ಮಾದರಿಯನ್ನು ಬೇರೆ ಬೇರೆ ಹೊರೆ, ದಪ್ಪ, ಲೋಹಬಲಗಳಿಗೆ ನೂರಾರು ಬಾರಿ ಓಡಿಸಿ ವೈಫಲ್ಯದ ಸಂಭವವನ್ನು ಅಳೆಯುವುದು. ಕಟ್ಟಡ ಕ್ಷೇತ್ರಕ್ಕೆ ಈ ಚಿಂತನೆ ಹೊಸದೇನಲ್ಲ. ಪರೀಕ್ಷಾಫಲಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವು ಯಾವ ಮಟ್ಟದ ಕೆಳಗೆ ಬೀಳಲಾರವೋ ಅದನ್ನೇ ಐಎಸ್ 456:2000 ಸಂಹಿತೆಯು ಕಾಂಕ್ರೀಟಿನ ಲಾಕ್ಷಣಿಕ ಬಲವೆಂದು ಪರಿಗಣಿಸಿತು. ಸ್ಲೈಪ್ನರ್‌ನಂತಹ ಮಾದರಿಯ ತಪ್ಪನ್ನು ಸಂಭವದ ಗಣಿತವು ತಾನಾಗಿ ಹಿಡಿಯದು, ನಿಜ. ಅದಕ್ಕೆ ಅನುಭವಿ ಅಭಿಯಂತರನೊಬ್ಬ ಬೇರೆಯಾಗಿಯೇ ತಾಳೆ ನೋಡಬೇಕು.

ಸಣ್ಣ ಉದ್ಯಮಿಗಳು ದುಬಾರಿ ತಂತ್ರಾಂಶದ ಪರವಾನಗಿಗೆ ಹಣ ಹೂಡುವ ಮೊದಲು ಪ್ರತಿ ಬ್ಯಾಚಿನ ಪರೀಕ್ಷೆಗೆ ಹಣ ಮೀಸಲಿಡುವುದು ಲೇಸು. ಏರಿಳಿತದ ಅಂಕಿಗಳು ದೊರೆಯುವುದು ಅಲ್ಲಿಂದಲೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ವಿನ್ಯಾಸದ ದೋಷಕ್ಕೂ ತಯಾರಕನೇ ಹೊಣೆಗಾರ. ದಾವೆ ಹೂಡಲ್ಪಟ್ಟ ದಿನ ಬಣ್ಣದ ಚಿತ್ರದ ಜೊತೆಗೆ ಪರೀಕ್ಷಾ ದಾಖಲೆಗಳ ಕಡತವನ್ನೂ ಕೇಳಲಾಗುವುದು.