ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಲಿನಕ್ಸ್ ಮತ್ತು ವೈಫೈ ಕಾರ್ಡಿನ ಜಗಳ

‘ಲಿನಕ್ಸ್ ಹಾಕಿದೆ, ಆದ್ರೆ ವೈಫೈ ಬರ್ತಿಲ್ಲ.’ ಹಳೆಯ ಲ್ಯಾಪ್‌ಟಾಪಿಗೆ ಇನ್ನೊಂದಷ್ಟು ಆಯುಸ್ಸು ಕೊಡಲು ಹೊರಟ ವಿದ್ಯಾರ್ಥಿಗಳ ಬಾಯಿಂದ ಮೊದಲು ಹೊರಡುವ ದೂರು ಇದು. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ರಿಪೇರಿ ಅಂಗಡಿಯಾತ ‘ಅದೆಲ್ಲ ಯಾಕೆ, ವಿಂಡೋಸ್ ಹಾಕ್ಕೊಡ್ತೀನಿ ಬಿಡಿ’ ಎನ್ನುತ್ತಾನೆ. ಲಿನಕ್ಸ್ ಬಲ್ಲ ಸೀನಿಯರ್ ‘ಅಷ್ಟೂ ಗೊತ್ತಿಲ್ವಾ, ಮ್ಯಾನ್ಯುಯಲ್ ಓದು’ ಎನ್ನುತ್ತಾನೆ. ಒಬ್ಬ ತಪ್ಪನ್ನು ಲಿನಕ್ಸ್ ಮೇಲೆ ಹೊರಿಸುತ್ತಾನೆ, ಇನ್ನೊಬ್ಬ ಬಳಸುವವನ ಮೇಲೆ. ನಿಜವಾದ ಆರೋಪಿಯ ಹೆಸರನ್ನು ಇಬ್ಬರೂ ಎತ್ತುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಸಾಹಿತ್ಯದ ಪತ್ರಿಕೆಯಲ್ಲಿ ಈ ರಗಳೆ ಏಕೆ ಎಂದು ಕೇಳಬಹುದು. ಈಗಲೇ ಕೇಳಬೇಕಾದ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾಗಿರಬೇಕು. ಅಣ್ಣನಿಂದ ತಂಗಿಗೆ ಬಂದ, ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಕೊಂಡ, ಕೀಲಿ ಸಡಿಲವಾದರೂ ಟೈಪ್ ಮಾಡಲು ಏನೂ ತೊಂದರೆಯಿಲ್ಲದ ಎಷ್ಟೋ ಯಂತ್ರಗಳು ಈ ಗೆರೆಯ ಆಚೆಗೆ ಬೀಳುತ್ತವೆ. ಅವುಗಳನ್ನು ಗುಜರಿಗೆ ಹಾಕದೆ ಸುರಕ್ಷಿತವಾಗಿ ಬಳಸಲು ಇರುವ ಮುಖ್ಯ ದಾರಿ ಲಿನಕ್ಸ್. ಆ ದಾರಿಯ ಬಾಯಲ್ಲೇ ಅಡ್ಡ ಬಿದ್ದಿರುವ ಕಲ್ಲು ಈ ವೈಫೈ ಕಾರ್ಡು. ಹೊಸ ಲ್ಯಾಪ್‌ಟಾಪ್ ಕೊಳ್ಳಬಲ್ಲವರಿಗೆ ಇದು ಒಂದು ಸಂಜೆಯ ಕಿರಿಕಿರಿ. ಕೊಳ್ಳಲಾಗದವರಿಗೆ ಓದು ನಿಲ್ಲುವ ಪ್ರಶ್ನೆ.

ಕಲ್ಲು ಅಲ್ಲಿಗೆ ಹೇಗೆ ಬಂತು? ವೈಫೈ ಕಾರ್ಡು ಎಂಬುದು ತನ್ನದೇ ಪುಟ್ಟ ಪ್ರೊಸೆಸರ್ ಇರುವ ಒಂದು ಸಣ್ಣ ಕಂಪ್ಯೂಟರ್. ಅದನ್ನು ನಡೆಸಲು ಎರಡು ಬೇಕು. ಒಂದು, ಕಾರ್ಯಾಚರಣೆ ವ್ಯವಸ್ಥೆಯ ಒಳಗೆ ಕೂತು ಕಾರ್ಡಿನ ಜತೆ ಮಾತಾಡುವ ಡ್ರೈವರ್. ಇನ್ನೊಂದು, ಕಾರ್ಡಿನ ಒಳಗೇ ಓಡುವ ಫರ್ಮ್‌ವೇರ್. ಬಹುತೇಕ ಕಾರ್ಡುಗಳಲ್ಲಿ ಈ ಫರ್ಮ್‌ವೇರನ್ನು ಕಾಯಂ ಆಗಿ ಇಟ್ಟುಕೊಳ್ಳುವ ಜಾಗವಿಲ್ಲ. ಕರೆಂಟು ಬಂದಾಗಲೆಲ್ಲ ಹೊರಗಿನಿಂದ ತುಂಬಬೇಕು. ಡ್ರೈವರ್ ಬರೆಯಲು ಚಿಪ್ಪಿನ ದಾಖಲೆ ಬೇಕು, ಫರ್ಮ್‌ವೇರ್ ಹಂಚಲು ಕಂಪನಿಯ ಅನುಮತಿ ಬೇಕು. ಎರಡನ್ನೂ ಕೊಡದ ಕಂಪನಿಯ ಕಾರ್ಡು ಲಿನಕ್ಸ್‌ನಲ್ಲಿ ಸತ್ತ ಹಾಗೆ ಬಿದ್ದಿರುತ್ತದೆ. ಅದು ಸತ್ತಿಲ್ಲ, ಅದರ ಭಾಷೆಯನ್ನು ಬಚ್ಚಿಡಲಾಗಿದೆ ಅಷ್ಟೇ.

ಬ್ರಾಡ್‌ಕಾಮ್ ಉದಾಹರಣೆ ನೋಡಿ. ಒಂದು ಕಾಲದಲ್ಲಿ ಡೆಲ್, ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಈ ಕಂಪನಿಯ ಚಿಪ್ಪುಗಳು ತುಂಬ ಸಾಮಾನ್ಯವಾಗಿದ್ದವು. ಲಿನಕ್ಸ್‌ಗೆ ದಾಖಲೆಯನ್ನೂ ಡ್ರೈವರನ್ನೂ ಅದು ಕೊಡಲಿಲ್ಲ. ಆಗ ಸ್ವಯಂಸೇವಕರು ಎರಡು ಗುಂಪು ಮಾಡಿಕೊಂಡರು. ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ಪು ಹೇಗೆ ನಡೆಯುತ್ತದೆ ಎಂಬ ವಿವರಣೆ ಬರೆಯಿತು. ಇನ್ನೊಂದು ಗುಂಪು ಮೂಲವನ್ನು ನೋಡದೆ, ಆ ವಿವರಣೆಯೊಂದನ್ನೇ ಓದಿಕೊಂಡು ಹೊಸ ಡ್ರೈವರ್ ಬರೆಯಿತು. ನಕಲಿನ ಆರೋಪ ಬರಬಾರದೆಂದು ಈ ಮಡಿ. ಹಾಗೆ ಹುಟ್ಟಿದ ಡ್ರೈವರ್ 2006ರಲ್ಲಿ ಲಿನಕ್ಸ್ ಕರ್ನೆಲ್ ಸೇರಿತು, ಮುಂದೆ ಅದರ ಸುಧಾರಿತ ರೂಪ ಬಿ43 ಎಂಬ ಹೆಸರಿನಲ್ಲಿ ಬಂತು. ಆಗಲೂ ಫರ್ಮ್‌ವೇರ್ ಹಂಚಲು ಅನುಮತಿ ಇರಲಿಲ್ಲ. ಕಂಪನಿಯ ಡ್ರೈವರ್ ಫೈಲನ್ನು ತಂದು, ಅದರ ಹೊಟ್ಟೆಯಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯುವುದಕ್ಕೆಂದೇ ಒಂದು ಉಪಕರಣ ಮಾಡಬೇಕಾಯಿತು. ದುಡ್ಡು ಕೊಟ್ಟು ಕೊಂಡ ಕಾರ್ಡನ್ನು ಬಳಸಲು ಗ್ರಾಹಕ ಕಳ್ಳನ ಹಾಗೆ ಕನ್ನ ಕೊರೆಯಬೇಕಾದ ಸ್ಥಿತಿ.

2010ರಲ್ಲಿ ಬ್ರಾಡ್‌ಕಾಮ್ ಕೆಲವು ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು. ಅದನ್ನು ಒಪ್ಪಿಕೊಳ್ಳೋಣ. ಆದರೆ ಬಿಸಿಎಂ43142ರಂಥ ಚಿಪ್ಪುಗಳಿಗೆ ಇವತ್ತಿಗೂ ಡಬ್ಲ್ಯುಎಲ್ ಎಂಬ ಮುಚ್ಚಿದ ಡ್ರೈವರೇ ಗತಿ. 2015ರ ನಂತರ ಅದಕ್ಕೆ ಕಂಪನಿಯಿಂದ ಹೊಸ ಆವೃತ್ತಿ ಬಂದಿಲ್ಲ. ಕರ್ನೆಲ್ ಬದಲಾದ ಹಾಗೆಲ್ಲ ಅದಕ್ಕೆ ತೇಪೆ ಹಾಕುತ್ತಿರುವವರು ಡೆಬಿಯನ್, ಉಬುಂಟು ಮುಂತಾದ ವಿತರಣೆಗಳ ಜನ. ತೇಪೆ ಒಂದು ವಾರ ತಡವಾದರೆ ಬೈಗುಳ ಬೀಳುವುದೂ ಅವರಿಗೇ.

‘ಲಿನಕ್ಸ್ ಬಳಸುವವರೇ ಕಡಿಮೆ, ಅಷ್ಟು ಜನಕ್ಕಾಗಿ ಕಂಪನಿ ಏಕೆ ಖರ್ಚು ಮಾಡಬೇಕು’ ಎಂಬ ವಾದವನ್ನು ಕೇಳಿ ಕೇಳಿ ಸಾಕಾಗಿದೆ. ಇದಕ್ಕೆ ಉತ್ತರ ಲಿಂಕ್ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್. ಅದರೊಳಗೆ ಇದ್ದದ್ದು ಬ್ರಾಡ್‌ಕಾಮ್ ಚಿಪ್ಪು, ಓಡುತ್ತಿದ್ದದ್ದು ಲಿನಕ್ಸ್! 2003ರಲ್ಲಿ ಜನ ಇದನ್ನು ಪತ್ತೆ ಮಾಡಿ, ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ ಆಕರ ಸಂಕೇತ ಕೊಡಿ ಎಂದು ಪಟ್ಟು ಹಿಡಿದರು. ಕಂಪನಿ ಕೊಡಲೇಬೇಕಾಯಿತು. ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. ಆಗಲೂ ವೈಫೈ ಡ್ರೈವರಿನ ತಿರುಳು ಮಾತ್ರ ಮುಚ್ಚಿಯೇ ಇತ್ತು. ಅಂದರೆ ಲಿನಕ್ಸ್‌ನಲ್ಲಿ ತಮ್ಮ ಚಿಪ್ಪನ್ನು ಓಡಿಸುವುದು ಇವರಿಗೆ ಚೆನ್ನಾಗಿ ಗೊತ್ತಿತ್ತು. ರೂಟರಿನಲ್ಲಿ, ಆಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಪುಕ್ಕಟೆ ಸಿಕ್ಕ ಲಿನಕ್ಸ್ ಬೇಕು, ಲ್ಯಾಪ್‌ಟಾಪಿನಲ್ಲಿ ಅದೇ ಲಿನಕ್ಸ್ ಬಳಸುವವನ ಪ್ರಶ್ನೆಗೆ ಉತ್ತರ ಕೊಡುವುದು ಬೇಡ. ಖರ್ಚಿನ ಮಾತು ಇಲ್ಲಿ ಬರಿಯ ನೆಪ.

ಎರಡನೇ ನೆಪ ಕಾನೂನಿನದು. ವೈಫೈ ಎಂದರೆ ರೇಡಿಯೋ, ಡ್ರೈವರ್ ಬಯಲಾದರೆ ಯಾರು ಬೇಕಾದರೂ ನಿಷೇಧಿತ ತರಂಗಾಂತರದಲ್ಲಿ ಪ್ರಸಾರ ಮಾಡಿಬಿಡುತ್ತಾರೆ ಎಂಬ ಭಯ. ಈ ಭಯ ಪೂರ್ತಿ ಸುಳ್ಳಲ್ಲ. ಆದರೆ 2008ರಲ್ಲಿ ಅಥೆರಾಸ್ ಕಂಪನಿ ಎಟಿಎಚ್9ಕೆ ಎಂಬ ಡ್ರೈವರನ್ನು ಪೂರ್ತಿ ಮುಕ್ತವಾಗಿ ಬಿಡುಗಡೆ ಮಾಡಿತು. ಅದಕ್ಕೆ ಹೊರಗಿನ ಫರ್ಮ್‌ವೇರ್ ಕೂಡ ಬೇಕಿರಲಿಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಯಾವ ದೇಶದಲ್ಲಿ ಯಾವ ಚಾನೆಲ್, ಎಷ್ಟು ಶಕ್ತಿ ಎಂಬ ಪಟ್ಟಿಯನ್ನು ಲಿನಕ್ಸ್ ಸಮುದಾಯವೇ ಇಟ್ಟುಕೊಂಡು ಪಾಲಿಸುತ್ತಿದೆ. ಇಂಟೆಲ್ ಫರ್ಮ್‌ವೇರನ್ನು ಮುಚ್ಚಿಟ್ಟಿದ್ದರೂ ಡ್ರೈವರನ್ನು ತಾನೇ ಬರೆದು ಕರ್ನೆಲ್‌ಗೆ ಕೊಡುತ್ತದೆ, ಫರ್ಮ್‌ವೇರ್ ಹಂಚಲು ಅನುಮತಿಯನ್ನೂ ಕೊಟ್ಟಿದೆ. ಹಾಗಾಗಿ ಇಂಟೆಲ್ ಕಾರ್ಡಿನ ಲ್ಯಾಪ್‌ಟಾಪ್ ಇದ್ದವರಿಗೆ ಈ ಲೇಖನದ ಕಷ್ಟವೇ ಅರ್ಥವಾಗದಿರಬಹುದು. ಒಂದೇ ಕಾನೂನಿನ ಕೆಳಗೆ ಒಬ್ಬರಿಗೆ ಸಾಧ್ಯವಾದದ್ದು ಇನ್ನೊಬ್ಬರಿಗೆ ಅಸಾಧ್ಯವಾಗುವುದು ಹೇಗೆ?

‘ಇಷ್ಟೆಲ್ಲ ಏಕೆ, ಒಂದು ಯುಎಸ್‌ಬಿ ಡಾಂಗಲ್ ತಗೊಂಡರಾಯಿತು’ ಎನ್ನುವವರೂ ಇದ್ದಾರೆ. ತೆಗೆದುಕೊಳ್ಳಿ, ಆದರೆ ಯಾವುದನ್ನು? ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಡಾಂಗಲ್ ಲಿನಕ್ಸ್ ಬಳಗದಲ್ಲಿ ಹೆಸರು ಮಾಡಿತ್ತು. ಅದರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಅಥೆರಾಸ್ ಚಿಪ್ಪು. ಎರಡನೇ ಆವೃತ್ತಿಗೆ ಬರುವ ಹೊತ್ತಿಗೆ ಒಳಗಿನ ಚಿಪ್ಪು ರಿಯಲ್‌ಟೆಕ್‌ನದ್ದಾಯಿತು. ಹೆಸರು ಅದೇ, ಒಳಗಿನ ಸರಕು ಬೇರೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗೇನಿದೆ ಎಂದು ಅಚ್ಚು ಹಾಕಬೇಕೆಂಬ ನಿಯಮವಿದೆ. ಸಾವಿರಾರು ರೂಪಾಯಿಯ ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ ಹೆಚ್ಚಾಗಿ ಇರುವುದು ‘ವೈಫೈ ಇದೆ’ ಎಂಬಷ್ಟೇ ಮಾತು. ಕಾರ್ಡನ್ನೇ ಬದಲಾಯಿಸೋಣವೆಂದರೆ, ಹಿಂದಿನ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಒಪ್ಪಿಗೆಯ ಪಟ್ಟಿ ಬೇರೆ ಇರುತ್ತಿತ್ತು. ಪಟ್ಟಿಯಲ್ಲಿಲ್ಲದ ಕಾರ್ಡು ಹಾಕಿದರೆ ಐಬಿಎಂ ಥಿಂಕ್‌ಪ್ಯಾಡ್ 1802 ಎಂಬ ಸಂಖ್ಯೆಯ ದೋಷ ತೋರಿಸಿ, ಕಾರ್ಡು ತೆಗೆಯಿರಿ ಎಂದು ಹೇಳಿ ನಿಂತುಬಿಡುತ್ತಿತ್ತು. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಹತ್ತಿರದ ಪೇಟೆಯಲ್ಲಿ ವೈಂಡಿಂಗ್ ಮಾಡಿಸಿಕೊಂಡು ಬರುವ ನಾಡಿನವರು ನಾವು. ಮೋಟಾರು ಎದ್ದು ನಿಂತು ‘ಈ ತಂತಿ ನಮ್ಮ ಕಂಪನಿಯದಲ್ಲ, ನಾನು ತಿರುಗುವುದಿಲ್ಲ’ ಎಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಇನ್ನು ನಮ್ಮ ಕಡೆಯವರಿಗೂ ನಾಲ್ಕು ಮಾತು ಹೇಳಬೇಕು. ಮುಕ್ತ ತಂತ್ರಾಂಶದ ಬಳಗದಲ್ಲಿ ಒಂದು ಮಡಿವಂತಿಕೆ ಇದೆ. ಡೆಬಿಯನ್ ವರ್ಷಗಟ್ಟಲೆ ತನ್ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಮುಚ್ಚಿದ ಫರ್ಮ್‌ವೇರ್ ಇಡಲಿಲ್ಲ. ತತ್ವ ದೊಡ್ಡದು, ನಿಜ. ಆದರೆ ಹೊಸಬನಿಗೆ ಅದರ ಅರ್ಥ ಏನಾಗಿತ್ತು? ವೈಫೈಗೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೊನೆಗೆ 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್ ಜತೆಗೇ ಬರುತ್ತದೆ. ಇದನ್ನು ಸೋಲು ಎಂದು ಹಲುಬುವವರ ಜತೆ ನನಗೆ ಸಹಮತವಿಲ್ಲ. ಕಂಪನಿಯ ಜಿಗುಟುತನಕ್ಕೆ ದಂಡ ಕಟ್ಟಬೇಕಾದವನು ಕಂಪನಿಯೇ ಹೊರತು, ಮೊದಲ ಸಲ ಬಾಗಿಲು ತಟ್ಟಿದ ವಿದ್ಯಾರ್ಥಿಯಲ್ಲ.

ಹಾಗೆಯೇ ‘ಮ್ಯಾನ್ಯುಯಲ್ ಓದು’ ಎಂಬ ಗದರಿಕೆ. ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿದೆ, ಅದೂ ಬಲ್ಲವರು ಬಲ್ಲವರಿಗಾಗಿ ಬರೆದ ಇಂಗ್ಲಿಷು. ಇದರ ಬದಲು ಯಾರಾದರೂ ಕನ್ನಡದಲ್ಲಿ ನಾಲ್ಕು ಪ್ರಶ್ನೆ ಹೇಳಿಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಮೊದಲನೆಯದು: ಯಂತ್ರಕ್ಕೆ ಕಾರ್ಡು ಕಾಣುತ್ತಿದೆಯೇ? ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟರೆ ಒಳಗಿರುವ ಬಿಡಿಭಾಗಗಳ ಪಟ್ಟಿ ಬರುತ್ತದೆ. ಅದಕ್ಕೆ ‘ಎನ್‌ಎನ್‌ಕೆ’ ಎಂಬ ಆಯ್ಕೆ ಸೇರಿಸಿದರೆ ಚಿಪ್ಪಿನ ಗುರುತಿನ ಸಂಖ್ಯೆಯೂ ಅದನ್ನು ಹಿಡಿದಿರುವ ಡ್ರೈವರಿನ ಹೆಸರೂ ಕಾಣುತ್ತವೆ. 14ಇ4 ಎಂದಿದ್ದರೆ ಬ್ರಾಡ್‌ಕಾಮ್, 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್. ಎರಡನೆಯದು: ಕಾರ್ಡಿಗೆ ತಡೆ ಬಿದ್ದಿದೆಯೇ? ಆರ್‌ಎಫ್‌ಕಿಲ್ ಎಂಬ ಆಜ್ಞೆ ಇದನ್ನು ಹೇಳುತ್ತದೆ. ‘ಸಾಫ್ಟ್’ ತಡೆಯಾದರೆ ಅದೇ ಆಜ್ಞೆಯಿಂದ ತೆಗೆಯಬಹುದು, ‘ಹಾರ್ಡ್’ ತಡೆಯಾದರೆ ಲ್ಯಾಪ್‌ಟಾಪಿನ ಅಂಚಿನ ಸ್ವಿಚ್ಚನ್ನೋ ವೈಫೈ ಕೀಲಿಯನ್ನೋ ನೋಡಬೇಕು. ಮೂರನೆಯದು: ಫರ್ಮ್‌ವೇರ್ ತುಂಬಿಕೊಂಡಿತೇ? ಡಿಎಂಇಎಸ್‌ಜಿ ಆಜ್ಞೆ ಕರ್ನೆಲ್‌ನ ದಿನಚರಿಯನ್ನು ತೋರಿಸುತ್ತದೆ. ಯಾವ ಫೈಲು ಸಿಗಲಿಲ್ಲ ಎಂದು ಹೆಸರು ಸಮೇತ ಅಲ್ಲಿ ಬರೆದಿರುತ್ತದೆ. ನಾಲ್ಕನೆಯದು: ಡ್ರೈವರ್ ಹಾಕಿದ ಮೇಲೂ ಸುಮ್ಮನಿದೆಯೇ? ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಸಹಿಯಿಲ್ಲದ ಡ್ರೈವರನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ಈ ಹುಡುಕಾಟಕ್ಕೆ ಇಂಟರ್‌ನೆಟ್ ಬೇಕಾದರೆ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಹಾಕಿಕೊಂಡರೆ ಸಾಮಾನ್ಯವಾಗಿ ಸಾಕು.

ಇದರಲ್ಲಿ ಮಂತ್ರ ಯಾವುದಿದೆ? ಇರುವುದು ಓದು. ಯಂತ್ರ ಹೇಳಿದ್ದನ್ನು ಗಾಬರಿಯಾಗದೆ ಓದಿ, ಒಂದೊಂದೇ ಸಾಧ್ಯತೆಯನ್ನು ಹೊಡೆದು ಹಾಕುವುದು. ಎಲ್ಲಿಂದಲೋ ಸಿಕ್ಕ ‘ಸೂಡೋ’ ಆಜ್ಞೆಯನ್ನು ಅರ್ಥ ತಿಳಿಯದೆ ಅಂಟಿಸುವವನಿಗೂ ಏನಾಗುತ್ತಿದೆ ಎಂದು ಕೇಳುವವನಿಗೂ ಇರುವ ವ್ಯತ್ಯಾಸ, ಗೈಡ್ ಉರು ಹೊಡೆಯುವವನಿಗೂ ಪಠ್ಯ ಓದುವವನಿಗೂ ಇರುವ ವ್ಯತ್ಯಾಸವೇ.

ಮುಚ್ಚಿದ ಪೆಟ್ಟಿಗೆಯ ಕಷ್ಟ ಕನ್ನಡದ ಬರಹಗಾರರಿಗೆ ಹೊಸದಲ್ಲ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕಾದಂಬರಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಕಾಣುತ್ತಿದ್ದ ಆ ಅಡ್ಡಾದಿಡ್ಡಿ ರೋಮನ್ ಅಕ್ಷರಗಳನ್ನು ನೆನೆಸಿಕೊಳ್ಳಿ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಗುಪ್ತ ಲಿಪಿ. ಬರೆದದ್ದು ನೀವು, ಬೀಗದ ಕೈ ಇನ್ನೊಬ್ಬರ ಹತ್ತಿರ. ಅಲ್ಲೂ ಬಿಡುಗಡೆ ಸಿಕ್ಕಿದ್ದು ಎಲ್ಲರಿಗೂ ತೆರೆದ ಒಂದು ಮಾನಕದಿಂದ ಮತ್ತು ಹಳೆಯ ಸಂಕೇತಗಳನ್ನು ಬಿಡಿಸಿ ಪರಿವರ್ತಕಗಳನ್ನು ಬರೆದುಕೊಟ್ಟ ಉತ್ಸಾಹಿಗಳಿಂದ. ಫಾಂಟಿನ ವಿಷಯದಲ್ಲಿ ಸಿಟ್ಟಾದ ನಾವು ವೈಫೈ ಕಾರ್ಡಿನ ವಿಷಯದಲ್ಲಿ ಮಾತ್ರ ಏಕೆ ಹಣೆಬರಹ ಎಂದುಕೊಳ್ಳಬೇಕು?

ಹೀಗೆ ಬಿಡಿಸಿ ನೋಡುವುದು ನಮ್ಮಲ್ಲಿ ಅಪರಾಧವೂ ಅಲ್ಲ. ಬೇರೆ ಕಡೆ ಸುಲಭವಾಗಿ ಸಿಗದ ಮಾಹಿತಿಯಾದರೆ, ತನ್ನ ಪ್ರೋಗ್ರಾಮು ಇನ್ನೊಂದರ ಜತೆ ಹೊಂದಿ ಕೆಲಸ ಮಾಡುವಂತಾಗಲು ಬೇಕಾದಷ್ಟನ್ನು ತಿಳಿದುಕೊಳ್ಳಲು ಅದನ್ನು ನ್ಯಾಯವಾಗಿ ಪಡೆದವನಿಗೆ ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸರ್ಕಾರದಲ್ಲಿ ಮುಕ್ತ ತಂತ್ರಾಂಶ ಬಳಸಬೇಕೆಂಬ ನೀತಿಯನ್ನು ಕೇಂದ್ರ 2015ರಲ್ಲೇ ಪ್ರಕಟಿಸಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ತಮ್ಮದೇ ಲಿನಕ್ಸ್ ಇಟ್ಟುಕೊಂಡು ಪಾಠ ಮಾಡುತ್ತಿವೆ. ಇಷ್ಟು ಇರುವಾಗ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ ವೈಫೈ ಚಿಪ್ಪಿನ ಹೆಸರನ್ನು ಅಚ್ಚು ಹಾಕಲಿ. ಸರ್ಕಾರವೋ ವಿಶ್ವವಿದ್ಯಾಲಯವೋ ವಿದ್ಯಾರ್ಥಿಗಳಿಗಾಗಿ ಸಗಟು ಖರೀದಿ ಮಾಡುವಾಗ, ಲಿನಕ್ಸ್ ಕರ್ನೆಲ್‌ನಲ್ಲೇ ಡ್ರೈವರ್ ಇರುವ ಕಾರ್ಡು ಬೇಕು ಎಂಬ ಒಂದು ಸಾಲನ್ನು ಟೆಂಡರಿಗೆ ಸೇರಿಸಲಿ. ಹಂಚಲು ಅನುಮತಿಯಿಲ್ಲದ ಫರ್ಮ್‌ವೇರಿನ ಕಾರ್ಡನ್ನು ಸಾರ್ವಜನಿಕರ ದುಡ್ಡಿನಲ್ಲಿ ಕೊಳ್ಳದಿರಲಿ. ಸಾವಿರಗಟ್ಟಲೆ ಯಂತ್ರ ಕೊಳ್ಳುವವರು ಒಂದು ಸಾಲು ಕೇಳಿದರೆ ಮಾರುವವರಿಗೆ ಕಿವಿ ಕೇಳಿಸುತ್ತದೆ.

ಅಲ್ಲಿಯವರೆಗೆ ‘ಲಿನಕ್ಸ್‌ನಲ್ಲಿ ವೈಫೈ ಬರಲ್ಲ’ ಎಂದು ಯಾರಾದರೂ ಹೇಳಿದರೆ, ಯಾವ ಚಿಪ್ಪು ಎಂದು ಕೇಳಿ. ಅದನ್ನು ಮಾಡಿದವರು ಯಾರು ಎಂದು ಕೇಳಿ. ಅವರು ದಾಖಲೆ ಕೊಟ್ಟಿದ್ದಾರೆಯೇ ಎಂದು ಕೇಳಿ. ಜ್ವರ ಯಾವ ಎತ್ತಿಗೆ ಎಂದು ತಿಳಿದ ಮೇಲೆ ಬರೆ ಎಲ್ಲಿ ಹಾಕಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.