ಹಿಮದ ನಾಡಿನ ಹೂದೋಟಕ್ಕೆ ದಖನ್ನಿನ ಬೀಜ

ಕರ್ನಾಟಕದ ಪುಷ್ಪೋದ್ಯಮವನ್ನು ಕುರಿತು ವಿಚಾರ ಸಂಕಿರಣ ನಡೆದಾಗಲೆಲ್ಲ ಮಾತು ಗುಲಾಬಿಯಿಂದ ಆರಂಭವಾಗಿ ಗುಲಾಬಿಯಲ್ಲಿಯೇ ಮುಕ್ತಾಯವಾಗುತ್ತದೆ. ಪಾಲಿಹೌಸಿನ ವೆಚ್ಚ, ಶೈತ್ಯಾಗಾರದ ಕೊರತೆ, ವಿಮಾನ ಸಾಗಣೆಯ ದರ, ಫೆಬ್ರುವರಿ 14ರ ಬೇಡಿಕೆ: ಇವೇ ಚರ್ಚೆಯ ವಿಷಯಗಳು. ನಮ್ಮ ಹೂವು ಹೋಗಿ ಸೇರುವ ಶೀತ ದೇಶಗಳ ಮನೆಗಳ ಹಿತ್ತಿಲಲ್ಲಿ ಏನು ಬೆಳೆಯುತ್ತಿದೆ ಎಂದು ವಿಚಾರಿಸುವ ಉದ್ಯಮಿಗಳು ವಿರಳ. ವರ್ಷದ ಐದಾರು ತಿಂಗಳು ನೆಲ ಹೆಪ್ಪುಗಟ್ಟಿರುವ ಊರುಗಳಲ್ಲಿ ಜನಸಾಮಾನ್ಯರು ಹೂದಾನಿಗೆ ಬೇಕಾದ ಹೂವನ್ನು ತಾವೇ ಬೆಳೆದುಕೊಳ್ಳತೊಡಗಿದ್ದಾರೆ ಎಂದರೆ, ಅದು ಹವ್ಯಾಸಿಗಳ ಸಂಗತಿ, ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಬರುತ್ತದೆ. ಇದು ಸರಿಯಾದ ಎಣಿಕೆಯಲ್ಲ. ಆ ಹಿತ್ತಿಲು ನಮ್ಮ ರಾಜ್ಯದ ಒಂದು ಹಳೆಯ ಉದ್ಯಮಕ್ಕೆ ನೇರ ಗಿರಾಕಿ.

ಮೊದಲು ಆ ತೋಟದ ಹಿನ್ನೆಲೆಯನ್ನು ಗಮನಿಸಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಾರಾಟವಾಗುವ ಕತ್ತರಿಸಿದ ಹೂವುಗಳಲ್ಲಿ ಸುಮಾರು ಶೇಕಡಾ 80ರಷ್ಟು ಆಮದಾದವು, ಅದರಲ್ಲಿಯೂ ಬಹುಪಾಲು ಕೊಲಂಬಿಯ ಮತ್ತು ಈಕ್ವೆಡಾರ್ ದೇಶಗಳವು. 1991ರಲ್ಲಿ ಆಂಡಿಸ್ ಪ್ರದೇಶದ ದೇಶಗಳಿಗೆ ಸುಂಕ ವಿನಾಯಿತಿ ನೀಡುವ ಕಾನೂನು ಜಾರಿಗೆ ಬಂದ ಮೇಲೆ ಅಲ್ಲಿನ ಸ್ಥಳೀಯ ಗುಲಾಬಿ, ಕಾರ್ನೇಷನ್ ಬೆಳೆಗಾರರು ಸ್ಪರ್ಧೆಯಲ್ಲಿ ನಿಲ್ಲಲಾರದೆ ಹೋದರು. ಇದಕ್ಕೆ ಪ್ರತಿಯಾಗಿ ಹುಟ್ಟಿದ್ದು ಊರ ಹೂವನ್ನು ಊರಲ್ಲೇ ಕೊಳ್ಳಬೇಕೆಂಬ ಚಳವಳಿ. ಡೆಬ್ರಾ ಪ್ರಿನ್ಸಿಂಗ್ ಅವರ ‘ಸ್ಲೋ ಫ್ಲವರ್ಸ್’ 2013ರಲ್ಲಿಯೂ, ವಾಷಿಂಗ್ಟನ್ ರಾಜ್ಯದ ಹೂ ಕೃಷಿಕರಾದ ಎರಿನ್ ಬೆಂಜಕೀನ್ ಅವರ ಹೂದೋಟದ ಕೈಪಿಡಿ 2017ರಲ್ಲಿಯೂ ಪ್ರಕಟವಾದವು. ಮನೆಯ ಮುಂದಿನ ಅಲಂಕಾರದ ತೋಟ ಬೇರೆ, ಕೊಯ್ದು ಒಳಗೆ ತರಲೆಂದೇ ತರಕಾರಿಯಂತೆ ಸಾಲು ಹಿಡಿದು ಬೆಳೆಯುವ ಹೂವಿನ ಮಡಿ ಬೇರೆ ಎಂಬ ತಿಳಿವಳಿಕೆ ಇಂಥ ಪುಸ್ತಕಗಳಿಂದ ಮನೆಮನೆಗೂ ಹರಡಿತು.

ಉದಾಹರಣೆಗೆ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರವನ್ನು ತೆಗೆದುಕೊಳ್ಳಬಹುದು. ಅಲ್ಲಿ ಚಳಿಗಾಲದ ಅತಿ ಶೀತ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿಯುವುದು ಸಾಮಾನ್ಯ. ವಸಂತದ ಕೊನೆಯ ಮಂಜುಗಡ್ಡೆ ಮೇ ತಿಂಗಳವರೆಗೂ ಬೀಳಬಹುದು. ಶರತ್ಕಾಲದ ಮೊದಲ ಮಂಜುಗಡ್ಡೆ ಅಕ್ಟೋಬರಿನ ಆರಂಭದಲ್ಲೇ ಬಂದುಬಿಡುತ್ತದೆ. ನಡುವೆ ಉಳಿಯುವ ಐದು ತಿಂಗಳೇ ಅಲ್ಲಿನ ಗೃಹಸ್ಥನ ಬಂಡವಾಳ. ಬೆಂಗಳೂರಿನಲ್ಲಿ ಯಾವ ತಿಂಗಳು ಬಿತ್ತಿದರೂ ಏನಾದರೊಂದು ಹೂ ಅರಳೀತು. ಅಲ್ಲಿ ಒಂದು ವಾರ ತಡವಾದರೆ ಆ ವರ್ಷದ ಹೂವೇ ತಪ್ಪಿಹೋಗುವ ಗಿಡಗಳುಂಟು. ಹೀಗಾಗಿ ಆ ತೋಟದ ಲೆಕ್ಕವೆಲ್ಲ ಕೊನೆಯ ಮಂಜುಗಡ್ಡೆಯ ದಿನದಿಂದ ಹಿಂದಕ್ಕೆ ಎಣಿಸುವ ಲೆಕ್ಕ.

ಸ್ನ್ಯಾಪ್‌ಡ್ರಾಗನ್ ಬೀಜವನ್ನು ಆ ದಿನಕ್ಕೆ ಎಂಟು ಹತ್ತು ವಾರ ಮೊದಲೇ, ಹೊರಗೆ ಹಿಮ ಹಾಸಿರುವಾಗಲೇ, ಮನೆಯೊಳಗೆ ವಿದ್ಯುದ್ದೀಪದ ಕೆಳಗೆ ತಟ್ಟೆಗಳಲ್ಲಿ ಬಿತ್ತುತ್ತಾರೆ. ಧೂಳಿನಷ್ಟು ಸಣ್ಣದಾದ ಆ ಬೀಜಕ್ಕೆ ಮೊಳೆಯಲು ಬೆಳಕು ಬೇಕಾದುದರಿಂದ ಮೇಲೆ ಮಣ್ಣು ಮುಚ್ಚುವುದಿಲ್ಲ. ಲಾರ್ಕ್‌ಸ್ಪರ್ ಇದಕ್ಕೆ ತದ್ವಿರುದ್ಧ. ಅದಕ್ಕೆ ಕತ್ತಲೆಯೂ ಬೇಕು, ಚಳಿಯೂ ಬೇಕು. ಆದ್ದರಿಂದ ಅದನ್ನೂ ನೈಜೆಲ್ಲವನ್ನೂ ಶರತ್ಕಾಲದಲ್ಲೇ ಬಯಲಿನಲ್ಲಿ ಬಿತ್ತಿಬಿಡುವ ಪದ್ಧತಿಯುಂಟು. ಹಿಮ ಶತ್ರುವೆಂಬುದು ನಮ್ಮ ಕಲ್ಪನೆ. ನೆಲದ ಮೇಲೆ ದಪ್ಪನಾಗಿ ಬಿದ್ದ ಹಿಮ ಕಂಬಳಿಯಂತೆ ಮಣ್ಣಿನ ಉಷ್ಣಾಂಶವನ್ನು ಕಾಪಾಡುತ್ತದೆ. ಹಿಮವಿಲ್ಲದ ಒಣ ಚಳಿಯೇ ಬೇರಿಗೆ ಹೆಚ್ಚು ಅಪಾಯಕಾರಿ. ಟ್ಯುಲಿಪ್ ಗಡ್ಡೆಗೆ 12ರಿಂದ 16 ವಾರಗಳ ಚಳಿ ದೊರೆಯದಿದ್ದರೆ ಹೂವಿನ ಕಾಂಡವೇ ಸರಿಯಾಗಿ ಏಳುವುದಿಲ್ಲ. ಅದನ್ನು ಅಕ್ಟೋಬರಿನಲ್ಲಿ ಹೂಳುತ್ತಾರೆ. ಕೊಯ್ಲಿಗೆಂದು ಬೆಳೆಯುವವರು ಕಾಂಡ ಉದ್ದವಾಗಿ ಸಿಗಲೆಂದು ಗಡ್ಡೆಯ ಸಮೇತ ಕಿತ್ತು, ಮರುವರ್ಷಕ್ಕೆ ಹೊಸ ಗಡ್ಡೆ ಕೊಳ್ಳುತ್ತಾರೆ.

ಡೇಲಿಯಾದ ಕಥೆಯೇ ಬೇರೆ. ಮೆಕ್ಸಿಕೊ ಮೂಲದ ಈ ಗಿಡಕ್ಕೆ ಹೆಪ್ಪುಗಟ್ಟಿದ ನೆಲ ಮೃತ್ಯು. ಮೊದಲ ಮಂಜುಗಡ್ಡೆಗೆ ಎಲೆ ಕಪ್ಪಾದ ಮೇಲೆ ಗಡ್ಡೆಗಳನ್ನು ಅಗೆದು, ಮಣ್ಣು ತೊಳೆದು, ಒಣ ತೆಂಗಿನ ನಾರಿನ ಪುಡಿಯಲ್ಲೋ ವರ್ಮಿಕ್ಯುಲೈಟಿನಲ್ಲೋ ಹುದುಗಿಸಿ, 4ರಿಂದ 10 ಡಿಗ್ರಿಯಷ್ಟು ತಂಪಿರುವ ನೆಲಮಾಳಿಗೆಯಲ್ಲಿ ವಸಂತದವರೆಗೆ ಇಡಬೇಕು. ಹೆಚ್ಚು ಒಣಗಿದರೆ ಸುಕ್ಕುಗಟ್ಟುತ್ತದೆ, ತೇವ ಹೆಚ್ಚಾದರೆ ಕೊಳೆಯುತ್ತದೆ. ಮಲೆನಾಡಿನ ಗೃಹಿಣಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶಿರಸಿ, ಸಾಗರದ ಕಡೆಯ ಮನೆಯಂಗಳಗಳ ಡೇರೆ ಹೂವು ಇದೇ ಗಿಡ. ಅಲ್ಲಿ ಗಡ್ಡೆ ಮಲಗುವುದು ಬೇಸಿಗೆಯಲ್ಲಿ, ಏಳುವುದು ಮುಂಗಾರಿನಲ್ಲಿ ಎಂಬುದಷ್ಟೇ ವ್ಯತ್ಯಾಸ.

ಕೊಯ್ಲಿನ ವಿಷಯದಲ್ಲಿಯೂ ಆ ತೋಟಗಾರರು ಸಾಕಷ್ಟು ಶಿಸ್ತು ಬೆಳೆಸಿಕೊಂಡಿದ್ದಾರೆ. ಜಿನಿಯಾದ ಕಾಂಡವನ್ನು ಹೂವಿಗಿಂತ ಗೇಣುದ್ದ ಕೆಳಗೆ ಹಿಡಿದು ಅಲುಗಿಸಿ ನೋಡುತ್ತಾರೆ. ಬಾಗಿದರೆ ಇನ್ನೂ ಎಳೆಯದು, ನೆಟ್ಟಗೆ ನಿಂತರೆ ಕೊಯ್ಲಿಗೆ ಸಿದ್ಧ. ಡೇಲಿಯಾ ಕೊಯ್ದ ಮೇಲೆ ಮೊಗ್ಗು ಅರಳುವುದಿಲ್ಲವಾದ್ದರಿಂದ ಹೆಚ್ಚುಕಡಿಮೆ ಪೂರ್ಣವಾಗಿ ಅರಳಿದ ಹೂವನ್ನೇ ಕೊಯ್ಯಬೇಕು. ಸ್ವೀಟ್ ಪೀ ಬಳ್ಳಿಯಲ್ಲಿ ಕಾಯಿ ಕಟ್ಟಲು ಬಿಟ್ಟರೆ ಹೂ ಬಿಡುವುದೇ ನಿಲ್ಲುತ್ತದೆ.

ವ್ಯಾಪಾರಿಯ ದೃಷ್ಟಿಗೆ ಬೀಳಬೇಕಾದ ಅಂಶ ಇಲ್ಲಿದೆ. ಜಿನಿಯಾ, ಡೇಲಿಯಾ, ಕಾಸ್ಮಾಸ್, ಸ್ವೀಟ್ ಪೀ: ಇವುಗಳಲ್ಲಿ ಯಾವುದೂ ಪೆಟ್ಟಿಗೆಯಲ್ಲಿ ಒಣದಾಗಿ ಮಲಗಿ ಖಂಡಾಂತರ ಪ್ರಯಾಣ ತಾಳುವ ಹೂವಲ್ಲ. ನಾಲ್ಕಾರು ದಿನ ಹೂದಾನಿಯಲ್ಲಿದ್ದರೆ ಅದೇ ಹೆಚ್ಚು. ಗುಲಾಬಿ, ಕಾರ್ನೇಷನ್ ತಾಳುತ್ತವೆ. ಅಂತೆಯೇ ಅವು ಜಾಗತಿಕ ಸರಕುಗಳಾದವು. ಹಿತ್ತಿಲ ತೋಟ ಬೆಳೆಯುವುದು ಮಾರುಕಟ್ಟೆ ಒದಗಿಸಲಾಗದ ಹೂವನ್ನು, ಅದೂ ಮಾರುಕಟ್ಟೆಯ ಬೇಡಿಕೆ ಮಂದವಾಗಿರುವ ಬೇಸಿಗೆಯಲ್ಲಿ. ಫೆಬ್ರುವರಿಯಲ್ಲಿ ಅಲ್ಲಿ ಹಿತ್ತಿಲೆಂದರೆ ಬರಿಯ ಹಿಮ. ಆದ್ದರಿಂದ ಹೊರದೇಶದ ಮನೆತೋಟದಿಂದ ನಮ್ಮ ಗುಲಾಬಿಗೆ ಹೊಡೆತ ಬೀಳುತ್ತದೆಂಬ ಆತಂಕಕ್ಕೆ ಆಧಾರವಿಲ್ಲ.

ಆ ತೋಟ ಕೊಳ್ಳುವುದೇನು ಎಂದು ಕೇಳಬೇಕು. ಟ್ಯುಲಿಪ್ ಮತ್ತು ಡೇಲಿಯಾ ಗಡ್ಡೆಗಳ ವ್ಯಾಪಾರದಲ್ಲಿ ನೆದರ್‌ಲ್ಯಾಂಡ್ಸ್‌ನ ಹಿಡಿತ ಬಲವಾಗಿದೆ. ಪಿಯೋನಿ ಬೇರಿಗೆ ಚಳಿಯ ನೆಲವೇ ಬೇಕು. ಅಲಾಸ್ಕಾದಂಥ ಪ್ರದೇಶದಲ್ಲಿ ವಿಶ್ವವಿದ್ಯಾಲಯವೊಂದರ ಪ್ರಯೋಗದ ಮಡಿಯಿಂದ ಹೊರಟ ಪಿಯೋನಿ ಕೃಷಿ, ಬೇರೆಡೆ ಆ ಹೂವಿನ ಋತು ಮುಗಿದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೂ ಕೊಡುತ್ತದೆ ಎಂಬ ಒಂದೇ ಕಾರಣಕ್ಕೆ ಸಣ್ಣ ಹಿಡುವಳಿದಾರರ ರಫ್ತು ಉದ್ಯಮವಾಗಿ ಬೆಳೆದಿರುವುದು ಮೆಚ್ಚತಕ್ಕ ಸಂಗತಿಯಾದರೂ ನಮಗೆ ಅನುಕರಣೀಯವಲ್ಲ. ಉಳಿಯುವುದು ಬೀಜ. ಬೀಜ ಬಲಿಯುವಾಗ ಮಳೆಯಿರಬಾರದು, ಬಿಸಿಲಿರಬೇಕು, ಗಾಳಿ ಒಣಗಿರಬೇಕು. ಮಳೆಗಾಲ ಕಳೆದ ಮೇಲೆ ದಖನ್ ಪ್ರಸ್ಥಭೂಮಿಯಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಇರುವ ಹವೆ ಇದೇ.

ಈ ಉದ್ಯಮ ರಾಜ್ಯಕ್ಕೆ ಹೊಸದೂ ಅಲ್ಲ. ಡಾ. ಮನಮೋಹನ್ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯನ್ನು ಆರಂಭಿಸಿ, ಹೈಬ್ರಿಡ್ ಪೆಟೂನಿಯಾ ಬೀಜವನ್ನು ವಿದೇಶಗಳಿಗೆ ಕಳುಹಿಸಿದರು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತರಕಾರಿ ಮತ್ತು ಹತ್ತಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಕೇಂದ್ರ. ಹೈಬ್ರಿಡ್ ಬೀಜವೆಂದರೆ ಬಹುಮಟ್ಟಿಗೆ ಕೈಕೆಲಸ. ಪೆಟೂನಿಯಾದಂಥ ಗಿಡದಲ್ಲಿ ಮೊಗ್ಗು ಅರಳುವ ಮೊದಲೇ ಚಿಮಟದಿಂದ ಕೇಸರಗಳನ್ನು ಕಿತ್ತು, ಬೇರೊಂದು ತಳಿಯ ಪರಾಗವನ್ನು ಶಲಾಕೆಗೆ ಮುಟ್ಟಿಸಬೇಕು. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಮಹಿಳೆಯರು. ಹೀಗೆ ಕಟ್ಟಿದ ಪೆಟೂನಿಯಾ ಬೀಜ ಗ್ರಾಮೊಂದಕ್ಕೆ ಸುಮಾರು ಹತ್ತು ಸಾವಿರ ತೂಗುತ್ತದೆ. ಅದರ ವಿಮಾನ ಸಾಗಣೆಗೆ ಗುಲಾಬಿಯ ಹತ್ತು ಪೆಟ್ಟಿಗೆಯ ತಲೆನೋವಿಲ್ಲ. ಹೈಬ್ರಿಡ್ ಗಿಡದಿಂದ ಉಳಿಸಿಕೊಂಡ ಬೀಜ ತಾಯಿಯ ಗುಣವನ್ನು ಹಾಗೆಯೇ ಕೊಡದಿರುವುದರಿಂದ ಮಿನಿಯಾಪೊಲಿಸ್‌ನ ತೋಟಗಾರ ಪ್ರತಿ ಚಳಿಗಾಲದಲ್ಲಿಯೂ ಮತ್ತೆ ಕೊಳ್ಳಲೇಬೇಕು.

2020ರ ವಸಂತವನ್ನು ನೆನಪಿಸಿಕೊಂಡರೆ ಈ ಮಾತಿನ ತೂಕ ತಿಳಿಯುತ್ತದೆ. ಕೊರೊನಾ ನಿರ್ಬಂಧಗಳಿಂದ ದೇವಾಲಯಗಳು ಮುಚ್ಚಿ, ಮದುವೆಗಳು ನಿಂತು, ಕರ್ನಾಟಕದ ಹೂ ಬೆಳೆಗಾರರು ಸೇವಂತಿಗೆ, ಚೆಂಡು ಹೂವುಗಳನ್ನು ಹೊಲದಲ್ಲೇ ಉತ್ತುಹಾಕಿದರು. ರಾಜ್ಯ ಸರ್ಕಾರ ಆ ಮೇ ತಿಂಗಳಲ್ಲಿ ಗರಿಷ್ಠ ಒಂದು ಹೆಕ್ಟೇರಿಗೆ ಸೀಮಿತವಾಗಿ ಹೆಕ್ಟೇರಿಗೆ 25,000 ರೂಪಾಯಿಗಳ ಪರಿಹಾರ ಘೋಷಿಸಬೇಕಾಯಿತು. ಅದೇ ವಾರಗಳಲ್ಲಿ ಅಮೆರಿಕದ ಕೆಲವು ಬೀಜ ಕಂಪನಿಗಳು ಮನೆಯಲ್ಲಿಯೇ ಉಳಿದಿದ್ದ ಗ್ರಾಹಕರ ಆರ್ಡರುಗಳನ್ನು ಪೂರೈಸಲಾರದೆ ತಾತ್ಕಾಲಿಕವಾಗಿ ಸ್ವೀಕಾರವನ್ನೇ ನಿಲ್ಲಿಸಿದ್ದವು. ಹೂವು ಎರಡು ದಿನ ಕಾಯಲಾರದು. ಒಣ ತಂಪಿನಲ್ಲಿಟ್ಟ ಬೀಜ ಒಂದು ಋತುವಾದರೂ ಕಾಯುತ್ತದೆ. ಹಾಗೆಂದು ರಾಜ್ಯದ ಹೂ ಬೆಳೆಗಾರರೆಲ್ಲ ಬೀಜಕ್ಕೆ ತಿರುಗಬೇಕೆಂದು ಉಪದೇಶಿಸುವುದು ಅವಿವೇಕ. ಬೀಜದ ವ್ಯಾಪಾರ ಗ್ರಾಮಿನ ಲೆಕ್ಕದ್ದು. ಅದಕ್ಕೆ ಬೇಕಾದ ಭೂಮಿ ಕಡಿಮೆ, ನೈಪುಣ್ಯ ಹೆಚ್ಚು. ಮಾರುಕಟ್ಟೆಯ ಹೂವಿನ ಜೊತೆಗೆ ಒಂದಷ್ಟು ರೈತರು ಮತ್ತು ಒಂದಷ್ಟು ಬಂಡವಾಳ ಆ ಕಡೆ ಹರಿಯಬೇಕೆಂಬುದಷ್ಟೇ ವಾದ.

ಆದರೆ ಈಗಿನ ಸ್ವರೂಪದಲ್ಲಿ ಈ ಉದ್ಯಮ ವಿಸ್ತರಿಸಿದರೆ ಸಾಲದು. ಬೀಜೋತ್ಪಾದನೆಯಲ್ಲಿ ಗುತ್ತಿಗೆಯ ಪಾಲು ದೊಡ್ಡದು: ವಿದೇಶಿ ಕಂಪನಿ ತನ್ನ ತಂದೆ ತಾಯಿ ತಳಿಗಳನ್ನು ಕಳುಹಿಸುತ್ತದೆ, ಇಲ್ಲಿಯ ರೈತ ಬೀಜ ಕಟ್ಟಿ ಕೊಡುತ್ತಾನೆ, ತಳಿಯ ಹಕ್ಕೂ ಲಾಭದ ದೊಡ್ಡ ಅಂಶವೂ ಅಲ್ಲಿಯೇ ಉಳಿಯುತ್ತವೆ. ಕೂಲಿ ಎಲ್ಲಿ ಇನ್ನೂ ಅಗ್ಗವೋ ನಾಳೆ ಆ ಗುತ್ತಿಗೆ ಅಲ್ಲಿಗೆ ಹೋಗುತ್ತದೆ. ಜಪಾನಿನ ಯೊಕೊಹಾಮದಲ್ಲಿ 1913ರಲ್ಲಿ ಆರಂಭವಾದ ಸಕಾಟ ಸಂಸ್ಥೆ ತನ್ನದೇ ತಳಿಗಳನ್ನು ಬೆಳೆಸಲು ಮುಂದಾಯಿತು. ಅದರ ಪೂರ್ಣ ಸುತ್ತುದಳದ ಪೆಟೂನಿಯಾಕ್ಕೆ 1934ರಲ್ಲಿ ‘ಆಲ್-ಅಮೆರಿಕ ಸೆಲೆಕ್ಷನ್ಸ್’ ಮನ್ನಣೆ ದೊರೆಯಿತು. ಉತ್ತರ ಅಮೆರಿಕದ ಹತ್ತಾರು ತಾಣಗಳಲ್ಲಿ ಹೊಸ ತಳಿಗಳನ್ನು ಬೆಳೆಸಿ ನೋಡಿ ಆ ಸಂಸ್ಥೆ ಕೊಡುವ ಮನ್ನಣೆಗೆ ಮನೆತೋಟಗಾರರಲ್ಲಿ ಇಂದಿಗೂ ಬೆಲೆಯಿದೆ.

ನಮ್ಮಲ್ಲಿ ತಳಿವಿಜ್ಞಾನವಿಲ್ಲವೆಂದಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಚೈನಾ ಆಸ್ಟರಿನ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯೊಲೆಟ್ ಕುಶನ್ ತಳಿಗಳನ್ನು ನೀಡಿದೆ. ಆಸ್ಟರ್ ಶೀತ ದೇಶಗಳ ಹಿತ್ತಿಲಲ್ಲಿಯೂ ಕೊಯ್ಲಿಗೆಂದು ಬೆಳೆಯುವ ಏಕವಾರ್ಷಿಕ. ಅದರ ಬೀಜ ಬೇಗ ಸತ್ವ ಕಳೆದುಕೊಳ್ಳುವುದರಿಂದ ಅಲ್ಲಿ ವರ್ಷವರ್ಷವೂ ಹೊಸ ಬೀಜಕ್ಕೆ ಬೇಡಿಕೆ. ಸಂಶೋಧನಾ ಸಂಸ್ಥೆ, ಖಾಸಗಿ ಬೀಜ ಕಂಪನಿ ಮತ್ತು ರಫ್ತುದಾರರು ಒಂದೆಡೆ ಕುಳಿತು, ಉದ್ದ ಕಾಂಡದ, ಅಲ್ಪಾವಧಿಯಲ್ಲಿ ಹೂ ಬಿಡುವ ಒಂದೆರಡು ತಳಿಗಳನ್ನು ಆ ಪರೀಕ್ಷಾ ತಾಣಗಳಿಗೆ ಕಳುಹಿಸುವ ವ್ಯವಸ್ಥೆ ಮಾಡುವುದು ವಾಣಿಜ್ಯ ಮಂಡಳಿಯ ಕೈಗೆಟುಕದ ಕೆಲಸವೇನಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿಗೆ ಸ್ವದೇಶದಲ್ಲಿ ರಕ್ಷಣೆ ಕೊಡುತ್ತದೆ. ಹೊರಗಿನ ರಕ್ಷಣೆಗೆ ಆಯಾ ದೇಶದ ಕಾನೂನಿನಂತೆ ಅರ್ಜಿ ಸಲ್ಲಿಸಬೇಕು. ಸಣ್ಣ ಕಂಪನಿ ಒಂಟಿಯಾಗಿ ಹೊರಲಾರದ ವೆಚ್ಚವದು.

ಅಂತರಜಾಲದ ಮೂಲಕ ನೇರವಾಗಿ ಗ್ರಾಹಕನಿಗೇ ಪೊಟ್ಟಣ ಕಳುಹಿಸಬಹುದಲ್ಲವೇ ಎಂದು ಕೆಲವು ಯುವ ಉದ್ಯಮಿಗಳು ಕೇಳುವುದುಂಟು. 2020ರ ಜುಲೈನಲ್ಲಿ ಚೀನಾದಿಂದ ಬಂದವೆನ್ನಲಾದ, ಯಾರೂ ಕೇಳದ ಬೀಜದ ಪೊಟ್ಟಣಗಳು ಅಮೆರಿಕದ ಮನೆಗಳಿಗೆ ತಲುಪಿ ಗದ್ದಲವಾದ ಮೇಲೆ, ಸೆಪ್ಟೆಂಬರಿನಲ್ಲಿ ಅಮೆಜಾನ್ ಸಂಸ್ಥೆ ಹೊರದೇಶಗಳಿಂದ ಅಲ್ಲಿಗೆ ಬೀಜ ಮಾರುವುದನ್ನು ನಿಷೇಧಿಸಿತು. ಸಸ್ಯ ಆರೋಗ್ಯ ಪ್ರಮಾಣಪತ್ರದೊಂದಿಗೆ, ಅಲ್ಲಿಯ ಸಗಟು ಬೀಜ ವರ್ತಕರ ಮೂಲಕವೇ ಹೋಗುವುದು ಕ್ಷೇಮ. ಮೊಳಕೆಯ ಪ್ರಮಾಣದಲ್ಲಿ ಒಮ್ಮೆ ತಪ್ಪಿದರೆ ಆ ವರ್ತಕ ಎರಡನೆಯ ಸಲ ಬರುವುದಿಲ್ಲ. ಏಕೆಂದರೆ ಐದು ತಿಂಗಳ ಋತುವಿರುವ ತೋಟಗಾರನಿಗೆ ಮತ್ತೊಮ್ಮೆ ಬಿತ್ತಲು ಸಮಯವಿರುವುದಿಲ್ಲ.

ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಶೀತವಲಯ ನಕ್ಷೆಯಲ್ಲಿ ಆ ದೇಶದ ಸುಮಾರು ಅರ್ಧಭಾಗ, ಹಿಂದಿನ 2012ರ ನಕ್ಷೆಗಿಂತ ಅರ್ಧ ವಲಯದಷ್ಟು ಬೆಚ್ಚನೆಯ ಕಡೆಗೆ ಸರಿದಿದೆ. ಯಾವ ಊರಿನಲ್ಲಿ ಯಾವ ಗಿಡ ಚಳಿಗಾಲ ಕಳೆದೀತೆಂಬ ಹಳೆಯ ಪಟ್ಟಿಗಳು ಬದಲಾಗುತ್ತಿವೆ. ಹೊಸ ತಳಿಗಳನ್ನು ಒಡ್ಡಲು ಇದು ಅನುಕೂಲ ಕಾಲ. ಅಲ್ಲಿಯ ಬೀಜ ಕಂಪನಿಗಳ ಕ್ಯಾಟಲಾಗು ಮನೆಗಳಿಗೆ ತಲುಪುವುದು ಹೊಸ ವರ್ಷದ ಆಸುಪಾಸಿನಲ್ಲಿ. ಅದರಲ್ಲಿ ನಮೂದಾಗಬೇಕಾದ ಬೀಜ ಹಿಂದಿನ ಬೇಸಿಗೆಯೊಳಗೆ ಕೊಯ್ಲಾಗಿ, ಮೊಳಕೆ ಪರೀಕ್ಷೆ ಮುಗಿದು, ವರ್ತಕರ ಗೋದಾಮು ಸೇರಿರಬೇಕು. ಅಂದರೆ ಮುಂದಿನ ವರ್ಷದ ಕ್ಯಾಟಲಾಗಿಗೆ ಬೇಕಾದ ಬಿತ್ತನೆಯನ್ನು ರಾಣೆಬೆನ್ನೂರು, ದೊಡ್ಡಬಳ್ಳಾಪುರದ ಕಡೆಯ ಹೊಲಗಳಲ್ಲಿ ಈ ಹಿಂಗಾರಿನಲ್ಲೇ ಮಾಡಬೇಕಾಗುತ್ತದೆ.