ಕಣ್ಣಳತೆಯೂ ಅಳತೆಯೇ

ದೇವನಹಳ್ಳಿಯ ಚಕ್ಕೋತದ ತೊಳೆಗೆ ನಸುಗೆಂಪು ಬಣ್ಣವುಂಟು. ಆ ಹಣ್ಣಿನ ಒಂದೇ ಚಿತ್ರವು ಒಂದು ಗಣಕದ ಪರದೆಯಲ್ಲಿ ಪೇಲವವಾಗಿಯೂ ಇನ್ನೊಂದರಲ್ಲಿ ಕಪ್ಪಿಟ್ಟಂತೆಯೂ ತೋರುವುದುಂಟು. ಇಂಥಲ್ಲಿ ಬೆಲೆಬಾಳುವ ಉಪಕರಣವೇ ಬೇಕು, ಕಣ್ಣನ್ನು ನಂಬಲಾಗದು ಎಂಬ ಮಾತು ಬಳಕೆಯಲ್ಲಿದೆ. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ.

ಪರದೆಗೆ ಕೊಡುವ ಸಂಖ್ಯೆಯು ಸೊನ್ನೆಯಿಂದ ೨೫೫ರ ವರೆಗೆ ಇರುತ್ತದೆಯಷ್ಟೆ. ೧೨೮ನ್ನು ಕೊಟ್ಟರೆ ಪೂರ್ಣ ಬೆಳಕಿನ ಅರ್ಧ ಬಾರದು. ಸಾಮಾನ್ಯವಾಗಿ ಶೇಕಡ ೨೨ರಷ್ಟು ಮಾತ್ರ ಬರುತ್ತದೆ. ಬೆಳಕು ಸಂಖ್ಯೆಯ ಸುಮಾರು ೨.೨ನೆಯ ಘಾತದಂತೆ ಏರುವುದೇ ಇದಕ್ಕೆ ಕಾರಣ. ಈ ಘಾತಾಂಕಕ್ಕೆ ಗ್ಯಾಮಾ ಎಂದು ಹೆಸರು. ಇದು ಪರದೆಯಿಂದ ಪರದೆಗೆ ಬೇರೆಯಾದರೆ ನಡುಛಾಯೆಗಳೆಲ್ಲ ಕೆಡುತ್ತವೆ.

ಒಂದು ಬೆಳಕು ಇನ್ನೊಂದರ ಎಷ್ಟು ಪಾಲೆಂದು ಕೇಳಿದರೆ ಕಣ್ಣು ತಪ್ಪುತ್ತದೆ. ಒಂದಕ್ಕೊಂದು ತಗುಲಿದ ಎರಡು ಬೆಳಕುಗಳು ಸಮವೇ ಎಂದು ಕೇಳಿದರೆ ಶೇಕಡ ಒಂದೆರಡರ ಅಂತರವನ್ನೂ ಅದು ಗುರುತಿಸಬಲ್ಲದು. ೧೭೨೯ರಲ್ಲಿ ಫ್ರಾನ್ಸಿನ ಪಿಯೆರ್ ಬೂಗೆ ಪ್ರಕಟಿಸಿದ ಬೆಳಕಿನ ಅಳತೆಗಳಿಗೆ ಈ ತತ್ತ್ವವೇ ಆಧಾರ. ನಮ್ಮ ಪ್ರಯೋಗಶಾಲೆಗಳ ಎಣ್ಣೆಚುಕ್ಕೆಯ ಫೋಟೋಮೀಟರಿನ ಮರ್ಮವೂ ಇದೇ.

ಪರದೆಯ ಒಂದು ಚೌಕದಲ್ಲಿ ಬಿಳಿ ಮತ್ತು ಕಪ್ಪು ಅಡ್ಡಗೆರೆಗಳನ್ನು ಒಂದರ ಕೆಳಗೊಂದು ತುಂಬೋಣ. ಗ್ಯಾಮಾ ಎಷ್ಟೇ ಇರಲಿ, ಅದರ ಸರಾಸರಿ ಬೆಳಕು ಪೂರ್ಣದ ಅರ್ಧ. ಅದಕ್ಕೆ ತಗುಲಿದಂತೆ ಬೂದುಬಣ್ಣದ ಚೌಕವನ್ನಿಟ್ಟು, ಗೆರೆಗಳು ಕಾಣದಷ್ಟು ದೂರ ಸರಿದು, ಎರಡೂ ಒಂದೇ ಎನಿಸುವ ತನಕ ಬೂದಿನ ಸಂಖ್ಯೆಯನ್ನು ಬದಲಿಸೋಣ. ೧೮೬ರಲ್ಲಿ ಹೊಂದಿದರೆ ಗ್ಯಾಮಾ ೨.೨, ೧೭೪ರಲ್ಲಿ ಹೊಂದಿದರೆ ೧.೮. ಅನಂತರ ನಾಲ್ಕು ಗೆರೆಗಳಲ್ಲಿ ಒಂದನ್ನು ಮಾತ್ರ ಬಿಳಿಯಾಗಿಸಿದರೆ, ಗ್ಯಾಮಾ ೨.೨ ಇರುವ ಪರದೆಯಲ್ಲಿ ೧೩೬ರ ಬಳಿ ಹೊಂದಬೇಕು. ಹೊಂದದಿದ್ದರೆ ಆ ಪರದೆ ಒಂದೇ ಘಾತಾಂಕಕ್ಕೆ ಒಳಪಟ್ಟಿಲ್ಲವೆಂದು ತಿಳಿಯಬೇಕು. ಕೆಂಪು, ಹಸಿರು, ನೀಲಿಗಳನ್ನೂ ಹೀಗೆಯೇ ಪ್ರತ್ಯೇಕವಾಗಿ ಪರೀಕ್ಷಿಸಬಹುದು. ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಬಾರದು. ಪರದೆಯನ್ನು ಓರೆಯಾಗಿ ನೋಡಬಾರದು. ಬೆಳಕನ್ನು ತಾನಾಗಿ ಏರಿಳಿಸುವ ಏರ್ಪಾಡನ್ನು ನಿಲ್ಲಿಸಿರಬೇಕು.

ಈ ವಿಧಾನಕ್ಕೂ ಮಿತಿಯುಂಟು. ಪರದೆಯ ಬಿಳಿ ನಿಜವಾಗಿ ಬಿಳಿಯೋ, ನೀಲಿಗೆ ವಾಲಿದೆಯೋ ಎಂಬುದು ಇದರಿಂದ ತಿಳಿಯದು. ಯಾವ ಬಿಳಿಗಾದರೂ ಕಣ್ಣು ಬೇಗನೆ ಒಗ್ಗಿಬಿಡುತ್ತದೆ. ರೋಗನಿರ್ಣಯದ ಚಿತ್ರಗಳಂಥ ಕೆಲಸಕ್ಕೆ ಉಪಕರಣದ ಅಳತೆಯೇ ಬೇಕು.

ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರು ತಮ್ಮ ಕೊನೆಯ ವರ್ಷಗಳಲ್ಲಿ ದೃಷ್ಟಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡು, ೧೯೬೮ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅಂಥ ನಾಡಿನ ವಿದ್ಯಾರ್ಥಿಗಳು ಕಣ್ಣನ್ನು ಅಲ್ಲಗಳೆಯುವುದು ಸಲ್ಲದು. ಒಂದು ಗಣಕವಿದ್ದರೆ ಸಾಕಾಗುವ ಈ ಪ್ರಯೋಗವನ್ನು ಭೌತಶಾಸ್ತ್ರದ ಪ್ರಯೋಗಪಾಠಗಳಲ್ಲಿ ಸೇರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಘಾತಾಂಕ, ಸರಾಸರಿ, ಅಳತೆಯ ದೋಷ, ಈ ಮೂರನ್ನೂ ವಿದ್ಯಾರ್ಥಿಗಳು ಅದರಿಂದ ಒಮ್ಮೆಗೇ ಕಲಿಯುವರು.